ಬರೆದದ್ದೆಲ್ಲ ಎಲ್ಲಿ ಸೇರುತ್ತಿತ್ತು?

“ಹಂಗಾರ ಇಷ್ಟ ದಿನಾ ನಾವು ಬರದಿದ್ದೆಲ್ಲಾ ಎಲ್ಲಿ ಹೋತು, ತಮ್ಮಾ?” ಎಂದು ಕಾಕಾ ಕೇಳಿದ ಪ್ರಶ್ನೆ ಈ ವಾರವಿಡೀ ನನ್ನನ್ನು ಬಿಟ್ಟಿಲ್ಲ.

ಬಾಗಲಕೋಟೆಯ ನವನಗರದಲ್ಲಿ ಇಳಕಲ್ ಸೀರೆ, ಗುಳೇದಗುಡ್ಡದ ಖಣ ಮಾರುವ ಅವರ ಅಂಗಡಿಯಲ್ಲಿ ಇಂದಿಗೂ ವಿಂಡೋಸ್ 7 ಇರುವ ಕಂಪ್ಯೂಟರಿನಲ್ಲೇ ಬಿಲ್ಲು ಹಾಕುತ್ತಾರೆ. ಹಾರ್ಡ್ ಡಿಸ್ಕ್ ಸದ್ದು ಮಾಡತೊಡಗಿದ್ದರಿಂದ ರಿಪೇರಿಯ ಹುಡುಗನೊಬ್ಬ ವಿಂಡೋಸ್ ಇದ್ದ ಪಾರ್ಟಿಶನ್ನನ್ನು, ಎಂದರೆ ಡಿಸ್ಕಿನ ಆ ಭಾಗವನ್ನು, ಹೊಸ ಎಸ್‌ಎಸ್‌ಡಿಗೆ (ತಿರುಗುವ ಭಾಗಗಳಿಲ್ಲದ ಹೊಸ ಬಗೆಯ ಡಿಸ್ಕಿಗೆ) ನಕಲು ಮಾಡಿ, ಹಳೆಯ ಡಿಸ್ಕನ್ನೂ ಒಳಗೇ ಬಿಟ್ಟು ಹೋಗಿದ್ದ. ವ್ಯಾಪಾರ ಸರಾಗವಾಗಿ ನಡೆಯಿತು. ಈ ಸೋಮವಾರ ಹಳೆಯ ಡಿಸ್ಕನ್ನು ಬಿಚ್ಚಿದ ಮೇಲೆ, ಪಾಸ್‌ವರ್ಡ್ ಕೊಟ್ಟರೂ ಡೆಸ್ಕ್‌ಟಾಪ್ ಬಾರದೆ ಖಾಲಿ ಪರದೆಯಷ್ಟೇ ಉಳಿಯಿತು. “ಫಾರ್ಮ್ಯಾಟ್ ಹೊಡದ ಬಿಡೂನ್ರಿ, ಹಳೇ ಡಿಸ್ಕ್ ನನಗ ಕೊಡ್ರಿ” ಎಂದನಂತೆ ಆತ. ಹುಡುಗ ಕೆಟ್ಟವನಲ್ಲ, ಆದರೆ ಯಾವ ಕಾಯಿಲೆಗೂ ಒಂದೇ ಗುಳಿಗೆ ಕೊಡುವವರ ಮೇಲೆ ನನಗೆ ಮೊದಲಿನಿಂದಲೂ ಭರವಸೆಯಿಲ್ಲ.

ಹಳೆಯ ಡಿಸ್ಕನ್ನು ಮತ್ತೆ ಜೋಡಿಸಿ ನೋಡಿದಾಗ ಗುಟ್ಟು ರಟ್ಟಾಯಿತು. ಹೊಸ ಡಿಸ್ಕಿನ ಪಾರ್ಟಿಶನ್ನಿಗೆ ಇ ಎಂಬ ಅಕ್ಷರ ಸಿಕ್ಕಿತ್ತು. ಸಿ ಎಂಬುದು ಹಳೆಯದರಲ್ಲೇ ಉಳಿದಿತ್ತು. ಯಾವ ಅಕ್ಷರ ಯಾವ ಪಾರ್ಟಿಶನ್ನಿಗೆ ಎಂಬುದನ್ನು ವಿಂಡೋಸ್ ತನ್ನ ರಿಜಿಸ್ಟ್ರಿಯಲ್ಲಿ, ಅಂದರೆ ತನ್ನ ಸೆಟ್ಟಿಂಗುಗಳ ದಫ್ತರದಲ್ಲಿ, ಮೌಂಟೆಡ್ ಡಿವೈಸಸ್ ಎಂಬಲ್ಲಿ ಬರೆದಿಟ್ಟುಕೊಳ್ಳುತ್ತದೆ. ಎಂಬಿಆರ್ ಎಂಬ ಹಳೆಯ ಪಾರ್ಟಿಶನ್ ಪದ್ಧತಿಯ ಡಿಸ್ಕಾದರೆ ಆ ದಾಖಲೆ 12 ಬೈಟುಗಳದ್ದು: ಮೊದಲ 4 ಬೈಟು ಡಿಸ್ಕಿನ ಗುರುತು, ಉಳಿದ 8 ಬೈಟು ಪಾರ್ಟಿಶನ್ ಆರಂಭವಾಗುವ ಜಾಗ. ನಕಲಿನೊಂದಿಗೆ ಈ ದಾಖಲೆಯೂ ಹೊಸ ಡಿಸ್ಕಿಗೆ ಬಂದಿದ್ದರಿಂದ, ಅಲ್ಲಿಂದ ಎದ್ದ ವಿಂಡೋಸ್ ಪಕ್ಕದಲ್ಲೇ ಇದ್ದ ಹಳೆಯ ಪಾರ್ಟಿಶನ್ನನ್ನು ಸಿ ಎಂದು ಗುರುತಿಸಿ, ತಾನಿದ್ದ ಜಾಗಕ್ಕೆ ಬೇರೆ ಅಕ್ಷರ ಕೊಟ್ಟು, ಅದನ್ನೇ ಕಾಯಂ ಮಾಡಿಕೊಂಡಿತ್ತು. ಲೆಕ್ಕದ ತಂತ್ರಾಂಶ ಹುಡುಕುತ್ತಿದ್ದುದು ಸಿ ಡ್ರೈವನ್ನು. ಹೀಗಾಗಿ ಯಂತ್ರ ಏಳುತ್ತಿದ್ದುದು ಹೊಸ ಡಿಸ್ಕಿನಿಂದ, ಬಿಲ್ಲುಗಳು ಸೇರುತ್ತಿದ್ದುದು ಸಾಯುತ್ತಿದ್ದ ಡಿಸ್ಕಿಗೆ. ಅದನ್ನು ಬಿಚ್ಚಿದಾಗ ಸಿ ಎಂಬುದೇ ಇಲ್ಲವಾಗಿ ಡೆಸ್ಕ್‌ಟಾಪ್ ಬರಲಿಲ್ಲ.

ಇದನ್ನು ವಿವರಿಸಿದಾಗಲೇ ಕಾಕಾ ಆ ಪ್ರಶ್ನೆ ಕೇಳಿದ್ದು. ಉತ್ತರ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮುಳುಗಡಿ ಆಗಿ ಇಲ್ಲಿಗಿ ಬಂದ ಮ್ಯಾಲೂ ನಮ್ಮ ಟಪಾಲು ಹಳೇ ಊರಿಗೇ ಹೋಗತಿತ್ತು ನೋಡು, ಹಂಗ” ಎಂದರು. ಆಲಮಟ್ಟಿಯ ಹಿನ್ನೀರಿಗೆ ಮನೆ ಬಿಟ್ಟು ಬಂದವರಿಗೆ 12 ಬೈಟಿನ ಪಾಠ ಬೇಕಿರಲಿಲ್ಲ. ನನ್ನನ್ನು ಕಾಡಿದ್ದು ಬೇರೆ ಮಾತು: ಪರದೆ ಖಾಲಿಯಾದ ದಿನಕ್ಕಿಂತ, ಎಲ್ಲ ಸರಿಯಿದೆ ಎಂದು ನೆಮ್ಮದಿಯಾಗಿದ್ದ ದಿನಗಳೇ ಹೆಚ್ಚು ಅಪಾಯದ್ದಾಗಿದ್ದವು. ಅಂಗಡಿ, ಬ್ಯಾಂಕು, ಕಚೇರಿ ಎಲ್ಲೆಡೆಯೂ ನಾವು ಪರದೆಯ ಮೇಲೆ ಕಂಡದ್ದನ್ನು ನಂಬುತ್ತೇವೆಯೇ ಹೊರತು, ಬರೆದದ್ದು ಎಲ್ಲಿ ಉಳಿಯುತ್ತದೆ ಎಂದು ಕೇಳುವುದಿಲ್ಲ. ಎಪ್ಪತ್ತು ದಾಟಿದ ಕಾಕಾ ಕೇಳಿದರು. ಯಂತ್ರ ಬಲ್ಲ ಹುಡುಗ ಕೇಳಲಿಲ್ಲ.

ಮೊದಲು ಬಿಲ್ಲುಗಳ ಫೋಲ್ಡರನ್ನು ಹಳೆಯದರಿಂದ ಹೊಸದಕ್ಕೆ ನಕಲು ಮಾಡಿದೆ. ಬಳಿಕ ಹಳೆಯ ಡಿಸ್ಕನ್ನು ಬಿಚ್ಚಿ, ವಿಂಡೋಸ್ ಪೆನ್ ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ, ಶಿಫ್ಟ್ ಮತ್ತು ಎಫ್10 ಒತ್ತಿ, ರಿಜಿಸ್ಟ್ರಿ ಎಡಿಟರ್ ತೆರೆದೆ. ಅಲ್ಲಿ ಅಕ್ಷರಗಳು ಅದಲುಬದಲಾಗಿರುತ್ತವೆ, ಆದ್ದರಿಂದ ಒಳಗಿನ ಫೋಲ್ಡರುಗಳನ್ನು ನೋಡಿಯೇ ಡ್ರೈವನ್ನು ಗುರುತಿಸಬೇಕು. ಎಸ್‌ಎಸ್‌ಡಿಯ ಸಿಸ್ಟಮ್ ಹೈವನ್ನು (ರಿಜಿಸ್ಟ್ರಿಯ ಆ ಭಾಗವಿರುವ ಕಡತವನ್ನು) ಲೋಡ್ ಮಾಡಿ, ಸಿ ಎಂಬ ಹಳೆಯ ದಾಖಲೆಯನ್ನು ಅಳಿಸಿ, ಇ ಎಂಬುದರ ಹೆಸರನ್ನು ಸಿ ಎಂದು ಬದಲಿಸಿ, ಹೈವನ್ನು ಅನ್‌ಲೋಡ್ ಮಾಡಿದೆ. ನಕಲಿನ ನಂತರ ಮೊದಲ ಸಲ ಚಾಲೂ ಮಾಡುವಾಗ ಹಳೆಯ ಡಿಸ್ಕನ್ನು ಬಿಚ್ಚಿಟ್ಟಿದ್ದರೆ ಸಾಮಾನ್ಯವಾಗಿ ಇಷ್ಟೆಲ್ಲ ಬೇಕಾಗುವುದಿಲ್ಲ.

ಡೆಸ್ಕ್‌ಟಾಪ್ ಬಂದಿತು. ಕಾಕಾ ಅದನ್ನು ನೋಡಲೂ ಇಲ್ಲ. ಕೊನೆಯ ಬಿಲ್ಲಿನ ಸಂಖ್ಯೆಯನ್ನು ಓದಿಸಿ, ಕಾಗದದ ಪ್ರತಿಯೊಂದಿಗೆ ತಾಳೆ ನೋಡಿ, ಹಳೆಯ ಡಿಸ್ಕನ್ನು ತಿಜೋರಿಗೆ ಹಾಕಿ ಕೀಲಿ ತಿರುವಿದರು.