ಕೇಪುಳದ ಹಳದಿ ಎಲೆ ಮತ್ತು ಕೊಳವೆಬಾವಿ ನೀರು

ಮಾರ್ಚ್

ಬೆಂಗಳೂರಿನ ಈ ಮನೆಯ ಕಾಂಪೌಂಡಿನ ಉದ್ದಕ್ಕೂ ಹಿಂದೆ ಇದ್ದವರು ನೆಟ್ಟ ಕೇಪುಳದ ಸಾಲಿದೆ. ನರ್ಸರಿಯವರು ಇದನ್ನು ಇಕ್ಸೋರಾ ಎನ್ನುತ್ತಾರೆ. ಕರಾವಳಿಯ ಗುಡ್ಡಗಳಲ್ಲಿ ಮುರಕಲ್ಲಿನ ಸಂದಿಯಲ್ಲೂ ಬೇರೂರಿ, ಯಾರ ಆರೈಕೆಯೂ ಇಲ್ಲದೆ ವರ್ಷವಿಡೀ ಹಸಿರಾಗಿರುವ ಪೊದೆ ಇದು. ಇಲ್ಲಿ ಮಾತ್ರ ಎಳೆಯ ಎಲೆಗಳೆಲ್ಲ ನಿಂಬೆಹಣ್ಣಿನ ಬಣ್ಣ, ನರಗಳಷ್ಟೇ ಹಸಿರು. ಹೂವಿನ ಗೊಂಚಲುಗಳು ಅಲ್ಲೊಂದು ಇಲ್ಲೊಂದು.

ನೋಡಿದವರೆಲ್ಲ ಗೊಬ್ಬರ ಹಾಕಿ ಎನ್ನುತ್ತಾರೆ. ನನಗೆ ಒಪ್ಪಿಗೆಯಾಗಲಿಲ್ಲ. ಸಾರಜನಕ ಸಾಲದಿದ್ದರೆ ಮೊದಲು ಹಳದಿಯಾಗುವುದು ಬುಡದ ಹಳೆಯ ಎಲೆ. ತುದಿಯ ಎಳೆಯ ಎಲೆ ಬಿಳಚಿಕೊಂಡು ನರ ಹಸಿರಾಗಿಯೇ ಉಳಿದರೆ ಕಬ್ಬಿಣದ ಕೊರತೆಯನ್ನು ಶಂಕಿಸಬೇಕು. ಅದಕ್ಕಿಂತ ದೊಡ್ಡ ಸುಳಿವು ಮೂಲೆಯಲ್ಲಿತ್ತು: ತಾರಸಿಯ ಮಳೆನೀರಿನ ಕೊಳವೆ ಬೀಳುವ ಜಾಗದಲ್ಲಿರುವ ಗಿಡ ಉಳಿದವುಗಳಿಗಿಂತ ಎಷ್ಟೋ ಹಸಿರಾಗಿದೆ. ಗೊಬ್ಬರ ಎಲ್ಲಕ್ಕೂ ಒಂದೇ, ನೀರು ಮಾತ್ರ ಬೇರೆ.

ಏಪ್ರಿಲ್

ಹುಳಿ, ಕ್ಷಾರ ಎಷ್ಟೆಂದು ತೋರಿಸುವ ಪಿಎಚ್ ಕಾಗದ ತಂದು ಪರೀಕ್ಷಿಸಿದೆ. ಕೊಳವೆಬಾವಿಯ ನೀರು 8ರ ಆಸುಪಾಸು, ಅಂದರೆ ಕ್ಷಾರದ ಕಡೆಗೆ. ಗೋಡೆಯ ಬುಡದ ಮಣ್ಣಿಗೆ ವಿನೆಗರ್ ಹನಿಸಿದರೆ ನೊರೆ ಬಂತು, ಅಂದರೆ ಮಣ್ಣಿನಲ್ಲಿ ಸುಣ್ಣದ ಅಂಶವಿದೆ. ಕಟ್ಟಡ ಕಟ್ಟುವಾಗ ಸುರಿದ ಗಾರೆಯ ಚೂರುಗಳು ಅಗೆದಾಗ ಸಿಕ್ಕವು. ಕೇಪುಳಕ್ಕೆ ಬೇಕಾದದ್ದು ಹುಳಿ ಮಣ್ಣು, ಪಿಎಚ್ 5ರಿಂದ 6ರವರೆಗೆ. ಕ್ಷಾರ ಹೆಚ್ಚಾದಂತೆ ಮಣ್ಣಿನಲ್ಲಿರುವ ಕಬ್ಬಿಣ ಕರಗದೆ ಉಳಿಯುತ್ತದೆ, ಬೇರಿಗೆ ಸಿಗುವುದಿಲ್ಲ.

ಮೇ

ಗಾರೆಯ ಚೂರುಗಳನ್ನೆಲ್ಲ ಆರಿಸಿ ತೆಗೆದು, ಕಳಿತ ಎಲೆಗೊಬ್ಬರವನ್ನು ದಪ್ಪವಾಗಿ ಹರಡಿದೆ. ಜೊತೆಗೆ ಒಂದಿಷ್ಟು ಗಂಧಕದ ಪುಡಿ. ಮಣ್ಣಿನ ಬ್ಯಾಕ್ಟೀರಿಯಾಗಳು ಗಂಧಕವನ್ನು ಆಮ್ಲವಾಗಿ ಮಾರ್ಪಡಿಸಲು ತಿಂಗಳುಗಳೇ ಬೇಕು. ಆತುರದವರಿಗೆ ಇದು ಹೇಳಿ ಮಾಡಿಸಿದ್ದಲ್ಲ.

ಅನ್ನಭೇದಿಯನ್ನು, ಅಂದರೆ ಫೆರಸ್ ಸಲ್ಫೇಟ್ ಎಂಬ ಕಬ್ಬಿಣದ ಲವಣವನ್ನು, ಬುಡಕ್ಕೆ ಹಾಕುವ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಸುಣ್ಣದ ಮಣ್ಣಿನಲ್ಲಿ ಅದು ಬೇಗನೆ ತುಕ್ಕಾಗಿ ಕುಳಿತುಬಿಡುತ್ತದೆ, ಹಾಕಿಯೂ ಹಾಕದಂತೆ. ಆದ್ದರಿಂದ ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, ಚಿಟಿಕೆ ಸಿಟ್ರಿಕ್ ಆಮ್ಲ ಸೇರಿಸಿ, ಸಂಜೆ ಹೊತ್ತು ಎಲೆಗಳ ಮೇಲೆ ಸಿಂಪಡಿಸಿದೆ. ಟೈಲ್ಸ್ ಮೇಲೆ ಬಿದ್ದರೆ ಕಂದು ಕಲೆ ಹೋಗುವುದಿಲ್ಲ, ಗೋಣಿ ಹಾಸಿಕೊಳ್ಳಿ. ಮಣ್ಣಿಗೇ ಕಬ್ಬಿಣ ಕೊಡಬೇಕೆಂದರೆ ಇಡಿಡಿಎಚ್ಎ ಎಂಬ ಚೀಲೇಟ್ (ಕಬ್ಬಿಣವನ್ನು ಹಿಡಿದಿಟ್ಟು ಕರಗಿದ ರೂಪದಲ್ಲೇ ಉಳಿಸುವ ಸಂಯುಕ್ತ) ಆಗಬೇಕು. ಕ್ಷಾರದಲ್ಲೂ ನಿಲ್ಲುವುದು ಅದು. ಅಗ್ಗದ ಇಡಿಟಿಎ ಇಂಥ ಮಣ್ಣಿನಲ್ಲಿ ಬಾಳುವುದಿಲ್ಲ.

ಜುಲೈ

ಮಳೆ ಹಿಡಿದ ಮೇಲೆ ಕೊಳವೆಬಾವಿಯ ನೀರನ್ನು ಪೂರ್ತಿ ನಿಲ್ಲಿಸಿ, ತಾರಸಿಯ ನೀರನ್ನು ಡ್ರಮ್ಮಿಗೆ ತಿರುಗಿಸಿದೆ. ಹೊಸ ಎಲೆಗಳು ಹಸಿರಾಗಿಯೇ ಬರುತ್ತಿವೆ! ಹಿಂದೆ ಹಳದಿಯಾದವು ಹೆಚ್ಚಿನ ಪಾಲು ಹಾಗೆಯೇ ಇವೆ. ಗಿಡದೊಳಗೆ ಕಬ್ಬಿಣ ಒಂದೆಲೆಯಿಂದ ಇನ್ನೊಂದಕ್ಕೆ ಸುಲಭವಾಗಿ ಸಾಗುವುದಿಲ್ಲವಾದ್ದರಿಂದ ಯಶಸ್ಸನ್ನು ಅಳೆಯಬೇಕಾದದ್ದು ಹೊಸ ಚಿಗುರಿನಲ್ಲಿ.

ಎಳೆಯ ಕೊಂಬೆಗಳಲ್ಲಿ ಹಿಟ್ಟು ತಿಗಣೆ ಕಂಡಿತು, ಹಿಂದೆಯೇ ಇರುವೆಗಳ ಸಾಲು. ಬೇವಿನೆಣ್ಣೆಗೆ ಸೋಪಿನ ನೀರು ಬೆರೆಸಿ ಸಿಂಪಡಿಸಿದೆ, ಹತೋಟಿಗೆ ಬಂತು. ಅರ್ಧ ಬಲಿತ ಕಡ್ಡಿಗಳನ್ನು ಕತ್ತರಿಸಿ ಮರಳು, ತೆಂಗಿನ ನಾರಿನ ಪುಡಿಯಲ್ಲಿ ನೆಟ್ಟು ನೆರಳಿನಲ್ಲಿಟ್ಟಿದ್ದೇನೆ.

ಸೆಪ್ಟೆಂಬರ್

ಗೋಡೆಗೆ ತಾಗಿದ ಒಂದೆರಡು ಗಿಡ ಬಿಟ್ಟರೆ ಉಳಿದವೆಲ್ಲ ಹೂವಿನಲ್ಲಿವೆ. ಹೂವು ಬರುವುದು ಕೊಂಬೆಯ ತುದಿಯಲ್ಲಿ. ತಿಂಗಳಿಗೊಮ್ಮೆ ಕತ್ತರಿ ಹಿಡಿದು ಬೇಲಿಯನ್ನು ಪೆಟ್ಟಿಗೆಯಾಕಾರಕ್ಕೆ ಸವರುವವರು ಮೊಗ್ಗನ್ನೇ ಕತ್ತರಿಸಿ ಹಾಕುತ್ತಾರೆ. ಬೀದಿಯ ಅರ್ಧದಷ್ಟು ಇಕ್ಸೋರಾ ಬೇಲಿಗಳ ಕಥೆ ಇದೇ. ನಾನು ಗೊಂಚಲು ಬಾಡಿದ ಮೇಲೆ ಅದರ ಕೆಳಗಿನ ಗೆಣ್ಣಿನವರೆಗೆ ಮಾತ್ರ ಕತ್ತರಿಸುತ್ತೇನೆ. ಹೂವಿನ ನಾಳ ಉದ್ದ ಮತ್ತು ಸಪೂರ, ಹಾಗಾಗಿ ಮಕರಂದಕ್ಕೆ ಬರುವವರಲ್ಲಿ ಚಿಟ್ಟೆಗಳೇ ಹೆಚ್ಚು. ಊರಿನಲ್ಲಿ ಮಕ್ಕಳೂ ಹೂ ಕಿತ್ತು ನಾಳದ ಜೇನು ಹೀರುತ್ತಾರೆ. ಸಿಂಪಡಣೆಯ ಕಾರಣ ಇಲ್ಲಿನ ಮಕ್ಕಳನ್ನು ಸದ್ಯಕ್ಕೆ ತಡೆದಿದ್ದೇನೆ.

ಮಳೆ ನಿಂತ ಮೇಲಿನದ್ದೇ ಈಗಿನ ಚಿಂತೆ. ಒಂದು ಡ್ರಮ್ ನೀರು ಬೇಸಿಗೆಗೆ ಏನೇನೂ ಸಾಲದು. ಗ್ಯಾರೇಜಿನ ಪಕ್ಕ ಸಣ್ಣ ಸಂಪು ಕಟ್ಟಿಸಲು ಗಾರೆಯವರನ್ನು ಕರೆದಿದ್ದೇನೆ. ಸಿಮೆಂಟನ್ನು ಗಿಡಗಳಿಂದ ದೂರ ಕಲಸಬೇಕೆಂಬುದು ಮೊದಲ ಷರತ್ತು.