0.6 ವಾಚ್‌ಮನ್

ಶುಕ್ರವಾರ ಸಂಜೆ 4:40ಕ್ಕೆ ವಾಟ್ಸ್‌ಆ್ಯಪ್ ಗ್ರೂಪಿಗೆ ಬಂದು ಬೀಳುವ ಸುತ್ತೋಲೆಗೆ ಅವತ್ತೇ ಉತ್ತರ ಕಳಿಸಬೇಡಿ. ಕಾರವಾರದ ಕಚೇರಿಯೊಂದರ ಲೆಕ್ಕಪತ್ರ ಶಾಖೆಯಲ್ಲಿ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಆಗಿ ಇಷ್ಟು ವರ್ಷದಲ್ಲಿ ನಾನು ಕಲಿತದ್ದು ಇದೊಂದು, ಅದೂ ತಡವಾಗಿ.

2020ರ ಮೇ ತಿಂಗಳು. ಲಾಕ್‌ಡೌನ್. ಸರ್ಕಾರದ ಬಿಲ್ಲುಗಳು ಹೋಗುವ ಆನ್‌ಲೈನ್ ವ್ಯವಸ್ಥೆ ಖಜಾನೆ-2ರಲ್ಲಿ ಸಂಬಳ ಬಿಟ್ಟು ಯಾವ ಬಿಲ್ ಹಾಕಿದರೂ ವಾಪಸ್. ಮೇಲಿನ ಕಚೇರಿಯಿಂದ ಬಂತು: ಖರ್ಚಿನ ಎಲ್ಲ ಉಪಶೀರ್ಷಿಕೆಗಳಲ್ಲೂ ಶೇ 20 ಕಡಿತ, ಅತಿ ಜರೂರು, ಇಂದೇ ವರದಿ ಸಲ್ಲಿಸುವುದು. ಡೀಸೆಲ್‌ಗೂ 20, ಕಾಗದಕ್ಕೂ 20, ಟೆಲಿಫೋನಿಗೂ 20, ಹೊರಗುತ್ತಿಗೆಗೂ 20. ಎಲ್ಲರಿಗೂ ಒಂದೇ ಕತ್ತರಿ ಹಾಕಿದರೆ ಯಾರೂ ಬೈಯುವುದಿಲ್ಲ ಅಂತ ಇರಬೇಕು.

ಡೀಸೆಲ್, ಕಾಗದ ಸುಲಭ. ಹೊರಗುತ್ತಿಗೆಯಲ್ಲಿ ನಮಗಿದ್ದದ್ದು ಮೂರು ಪಾಳಿಗೆ ಮೂವರು ವಾಚ್‌ಮನ್. ಮೂವರಲ್ಲಿ ಶೇ 20 ಅಂದರೆ 0.6. ಎಕ್ಸೆಲ್ ಶೀಟಿನಲ್ಲಿ 'ಕಡಿತಗೊಳಿಸಿದ ಸಿಬ್ಬಂದಿ ಸಂಖ್ಯೆ' ಅಂತ ಒಂದು ಕಾಲಂ ಇತ್ತು. 0.6 ಹೊಡೆದೆ. ತಗೊಳ್ಳಲಿಲ್ಲ, ದಶಮಾಂಶ ನಡೆಯುವುದಿಲ್ಲವಂತೆ. 0 ಹೊಡೆದೆ, ತಗೊಂಡಿತು. ಆ ಸೊನ್ನೆ ನೋಡುತ್ತಾ ಐದು ನಿಮಿಷ ಕೂತಿದ್ದೆ. ಅದನ್ನೇ ಕಳಿಸಬಹುದಿತ್ತು. ಆದರೆ ಸೂಚನೆ ಪಾಲಿಸಿಲ್ಲ ಅಂತ ನೋಟಿಸ್ ಬಂದರೆ? ನನ್ನ ಬಡ್ತಿಯ ಕಡತ ಬೇರೆ ಮೇಲೆ ಹೋಗಿ ಕೂತಿತ್ತು. ಅರ್ಧಕ್ಕಿಂತ ಜಾಸ್ತಿ ಇದ್ದರೆ ಒಂದು ಅಂತ ಹಿಡಿಯಿರಿ ಎಂದು ಶಾಲೆಯಲ್ಲೇ ಹೇಳಿಕೊಟ್ಟಿದ್ದಾರಲ್ಲ. ಅಳಿಸಿ 1 ಹೊಡೆದೆ.

ಆ ಒಂದು ಯಾರು? ರಾತ್ರಿ ಪಾಳಿಯವರು. ನಾವೆಲ್ಲ ಅವರನ್ನು ಮಾಮ ಅನ್ನುತ್ತಿದ್ದೆವು. ಗ್ರಿಲ್‌ಗೆ ಬೀಗ ಇದೆ, ರಾತ್ರಿ ಬಂದು ಕದಿಯೋಕೆ ನಮ್ಮಲ್ಲಿ ಏನಿದೆ, ಇಷ್ಟೇ ನನ್ನ ಕಾರಣ. ಕೊನೆಯ ದಿನ ಅನ್ನುವಲ್ಲಿ 31-05-2020 ಹಾಕಿದೆ. ತಿಂಗಳ ಕೊನೆ ಆದರೆ ಏಜೆನ್ಸಿಯ ಬಿಲ್ ಮಾಡೋದು ಸುಲಭ, ಬಿಡಿ ದಿನಗಳ ರಗಳೆ ಇಲ್ಲ. 5:25ಕ್ಕೆ ವರದಿ ಹೋಯಿತು. ಗ್ರೂಪಿನಲ್ಲಿ ಸಾಹೇಬರಿಂದ ಒಂದು ಹೆಬ್ಬೆರಳು ಬಂತು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಆಗ ನಮ್ಮ ಗೋಳೇ ಬೇರೆ. ಏಪ್ರಿಲ್‌ನಲ್ಲಿ ಕೇಂದ್ರ ಡಿಎ (ತುಟ್ಟಿಭತ್ಯೆ) ಏರಿಕೆಯನ್ನು ತಡೆಹಿಡಿದಿತ್ತು, ರಾಜ್ಯವೂ ಅದೇ ದಾರಿ ಹಿಡಿದಿತ್ತು. ನಮ್ಮದು ಶೇ 11.25ಕ್ಕೇ ನಿಂತಿತ್ತು. ಬೆಳಿಗ್ಗೆ ನಾವು ಅದನ್ನೇ ಗೊಣಗುತ್ತಿದ್ದರೆ ಮಾಮ ಕೀ ಗೊಂಚಲು ಮೇಜಿನ ಮೇಲಿಟ್ಟು "ನಿಮಗೂ ಕಷ್ಟವೇ ಅಲ್ವಾ ಸರ್" ಅನ್ನುತ್ತಿದ್ದರು. ಅವರ ಹೆಸರು ಅಷ್ಟರಲ್ಲಿ ಕಡಿತದ ವರದಿಯಲ್ಲಿ ಹೋಗಿಯಾಗಿತ್ತು.

2021ರ ಜನವರಿಯಲ್ಲಿ ಒಂದು ದಿನ ನನ್ನ ಕಿಟಕಿ ಹತ್ತಿರ ಬಂದು ನಿಂತರು. ರಬ್ಬರ್ ಬ್ಯಾಂಡ್ ಸುತ್ತಿದ ಪ್ಲಾಸ್ಟಿಕ್ ಕವರು, ಒಳಗೆ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಕಾರ್ಡು. ಬೆರಳ ತುದಿಗಳೆಲ್ಲ ಬಿಳಿಚಿಕೊಂಡು ಒಡೆದಿದ್ದವು. ಆಗಸ್ಟ್‌ನಲ್ಲಿ ಬೋಟು ಕಡಲಿಗೆ ಇಳಿದ ಮೇಲೆ ಬೈತಖೋಲ್ ಬಂದರಿನಲ್ಲಿ ಐಸ್ ತುಂಬುವ ಕೆಲಸವಂತೆ. ಹೆಂಡತಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ಇಎಸ್‌ಐನಿಂದಲೇ ಸಿಗುತ್ತಿತ್ತು. "ಡಿಸೆಂಬರ್‌ವರೆಗೂ ಕೊಟ್ಟರು ಸರ್. ಈಗ ಕಾರ್ಡ್ ನಡೆಯಲ್ಲ ಅಂತಾರೆ. ಸ್ವಲ್ಪ ನೋಡಿ."

ಪೋರ್ಟಲ್ ತೆರೆದೆ. ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಮೂರು ಸಲ ಕ್ಯಾಪ್ಚಾ ತಪ್ಪಿತು. ಮಾಮ ಕಿಟಕಿಯ ಸರಳು ಹಿಡಿದು ಸ್ಕ್ರೀನಿನ ಹಿಂಭಾಗವನ್ನೇ ನೋಡುತ್ತಿದ್ದರು. ಕೊನೆಗೆ ಪುಟ ಬಂತು. ಏಪ್ರಿಲ್ 30 ದಿನ. ಮೇ 31 ದಿನ. ಜೂನ್ ಖಾಲಿ. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ 78 ದಿನದ ವಂತಿಗೆ ಇದ್ದರೆ, ಕೆಲಸ ಬಿಟ್ಟವರಿಗೂ ಮುಂದಿನ ಜನವರಿಯಿಂದ ಜೂನ್‌ವರೆಗೆ ಔಷಧ ಸಿಗುತ್ತೆ. ಅವರದ್ದು 61. ಜೂನ್ 17ರವರೆಗೆ ಇಟ್ಟುಕೊಂಡಿದ್ದರೆ ಸಾಕಿತ್ತು. ಬಿಡಿ ದಿನಗಳ ರಗಳೆ ಬೇಡ ಅಂದವನು ನಾನೇ.

ಆಗಲಾದರೂ ನಿಜ ಹೇಳಬೇಕಿತ್ತು. "ಸರ್ವರ್ ಪ್ರಾಬ್ಲಂ ಮಾಮ, ನಾಳೆ ನೋಡೋಣ" ಅಂದೆ.

"ಪರವಾಗಿಲ್ಲ ಸರ್, ಎರಡು ಹೊತ್ತಿನದನ್ನ ಸದ್ಯ ಒಂದು ಹೊತ್ತು ಮಾಡಿದ್ದೇವೆ" ಅಂದು ಕವರಿಗೆ ರಬ್ಬರ್ ಬ್ಯಾಂಡ್ ಸುತ್ತಿದರು.

ಎಷ್ಟೋ ದಿನದ ಮೇಲೆ ಓದಿದೆ, 2013ರಲ್ಲಿ ಅಮೆರಿಕ ಸರ್ಕಾರವೂ ಹೀಗೇ ಇಲಾಖೆ ಇಲಾಖೆಗೂ ಒಟ್ಟಿಗೆ ಕತ್ತರಿ ಹಾಕಿತ್ತಂತೆ. ಅಲ್ಲಿಯ ರಕ್ಷಣಾ ಇಲಾಖೆಯ ಸಿವಿಲ್ ನೌಕರರಿಗೆ ಮೊದಲು 22 ದಿನ ಸಂಬಳವಿಲ್ಲದ ರಜೆ ಅಂದು, ಕೊನೆಗೆ 6 ದಿನಕ್ಕೆ ನಿಲ್ಲಿಸಿದರು. ಅದೂ ಹೊಟ್ಟೆ ಮೇಲೆ ಹೊಡೆದದ್ದೇ, ಆದರೆ ಕತ್ತರಿಸಿದ್ದು ದಿನವನ್ನ. ಕೂತು ಲೆಕ್ಕ ಹಾಕಿದೆ. ತಿಂಗಳ 30 ದಿನದಲ್ಲಿ ಶೇ 20 ಅಂದರೂ 6 ದಿನ. ಮೂವರಿಗೂ ಆರಾರು ದಿನ ಕಡಿಮೆ ಮಾಡಿದ್ದರೆ ಮೂವರಿಗೂ ಬಿಗಿಯಾಗುತ್ತಿತ್ತು, ಆದರೆ ಯಾರ ಕಾರ್ಡೂ ಸಾಯುತ್ತಿರಲಿಲ್ಲ. ಆ ಶೀಟಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ, ನಿಜ. ಕೇಳುವ ಬಾಯಿ ನನಗಿತ್ತಲ್ಲ.

ಇನ್ನೂ ಉರಿಯುವುದು ಬೇರೆ. ಪಕ್ಕದ ತಾಲೂಕಿನ ನಮ್ಮದೇ ಕಚೇರಿಯ ಕ್ಲರ್ಕ್ ಆ ಸುತ್ತೋಲೆಗೆ ಉತ್ತರವನ್ನೇ ಕಳಿಸಿರಲಿಲ್ಲ. ಜ್ಞಾಪನ ಬಂತು, ಎರಡನೇ ಜ್ಞಾಪನ ಬಂತು, ಆಮೇಲೆ ಕೇಳುವವರಿಗೇ ಮರೆತುಹೋಯಿತು. ಅವರ ಮೂವರೂ ಉಳಿದರು. ನಮಗೆ ಫೆಬ್ರವರಿಯಲ್ಲಿ ಅದೇ ಉಪಶೀರ್ಷಿಕೆಗೆ ಹಣ ಬಂತು, ಖರ್ಚು ಮಾಡೋಕೆ ಆಳಿಲ್ಲ, ಮಾರ್ಚ್ ಅಂತ್ಯಕ್ಕೆ ಸರೆಂಡರ್, ಅಂದರೆ ಹಣ ವಾಪಸ್. ಆ ಟಿಪ್ಪಣಿ ಬರೆದದ್ದೂ ನಾನೇ. ಅದೇ ತಿಂಗಳು ಮಾಮನ ಹೆಂಡತಿಯನ್ನು ಅರಬೈಲ್ ಘಾಟ್ ಹತ್ತಿಸಿ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿದ್ದರು. ಕಾಲಿನ ಗಾಯ ಮಾಯದೆ ಎರಡು ಬೆರಳು ತೆಗೆದರಂತೆ.

ಜುಲೈಯಲ್ಲಿ ನಮ್ಮ ಡಿಎ 11.25ರಿಂದ 21.50 ಆಯಿತು. ಹಿಂಬಾಕಿ ಸಿಗಲಿಲ್ಲ ಅಂತ ಮತ್ತೆ ಗೊಣಗಿದೆವು. ಆಗಸ್ಟ್‌ನಲ್ಲಿ ಮೀನಿಗೆ ಅಂತ ಬೈತಖೋಲ್‌ಗೆ ಹೋದರೆ ಮಾಮ ಸಿಕ್ಕರು. ಬೇಡ ಬೇಡ ಅಂದರೂ ಎಂಟು ಬಂಗಡೆ ಚೀಲಕ್ಕೆ ಹಾಕಿದರು, ದುಡ್ಡು ಮುಟ್ಟಲಿಲ್ಲ.

"ಪೇಪರಿನಲ್ಲಿ ನೋಡಿದೆ ಸರ್" ಅಂದರು. "ನಿಮ್ಮ ಡಿಎ ಬಂತಂತೆ, ಅಲ್ವಾ?"