ಹೊಸ ಬಾಡಿ ಬೇಡ, ಹಳೇ ತಗಡೇ ಇರಲಿ

ಹಳೇ ಮಿಲಿಟರಿ ಜೀಪನ್ನು ಮೊದಲಿದ್ದ ಹಾಗೇ ಮಾಡಿಸುತ್ತೇನೆ ಅಂದ ತಕ್ಷಣ ಎಲ್ಲರೂ ಕೊಡುವ ಸಲಹೆ ಒಂದೇ. ಈ ಬಾಡಿ ಗುಜರಿಗೆ ಹಾಕಿ, ಹೊಸದು ತರಿಸಿಬಿಡಿ. ಪಂಜಾಬಿನ ಕಡೆ ಜೀಪಿನ ಬಾಡಿ ಮಾಡಿ ಕಳಿಸುವವರಿದ್ದಾರೆ, ಲಾರಿಯಲ್ಲಿ ಬಂದು ಇಳಿಯುತ್ತದೆ, ಹಸಿರು ಬಣ್ಣ ಹೊಡೆದರೆ ಮುಗಿಯಿತು. ನೋಡೋಕೆ ಚೆನ್ನಾಗಿಯೇ ಇರುತ್ತದೆ. ಆದರೆ ಅದು ಆ ಜೀಪಲ್ಲ. ಬೆಂಗಳೂರಿನಲ್ಲೇ ಈ ಕೆಲಸಕ್ಕೆ ಕೈ ಹಾಕುವ ಯೋಚನೆಯಲ್ಲಿರುವವರು ಬೇಕಾದಷ್ಟು ಜನ ಇದ್ದೀರಿ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮದು ಫೋರ್ಡ್ ಜಿಪಿಡಬ್ಲ್ಯು, ಅಂದರೆ ಎರಡನೇ ಮಹಾಯುದ್ಧಕ್ಕೆ ಅಂತ ಫೋರ್ಡ್ ಕಂಪನಿ ಮಾಡಿದ ಜೀಪು, 1943ರದ್ದು. ಸಕಲೇಶಪುರದ ಹತ್ತಿರ ನಮ್ಮ ಸೋದರಮಾವನ ಕಾಫಿ ತೋಟದಲ್ಲಿ ದುಡಿದ ಗಾಡಿ. ಮನೆಯಲ್ಲಿ ಎಲ್ಲರ ಬಾಯಲ್ಲೂ ಅದು ವಿಲ್ಲೀಸ್. ಹಾಗನ್ನುವುದರಲ್ಲಿ ತಪ್ಪೇನಿಲ್ಲ, ಯಾಕೆಂದರೆ ಡಿಸೈನು ವಿಲ್ಲೀಸ್‌ನದೇ, ಯುದ್ಧಕ್ಕೆ ಬೇಕಾದಷ್ಟು ಜೀಪು ಒಂದೇ ಕಂಪನಿಯಿಂದ ಆಗದೆ ಫೋರ್ಡ್‌ಗೂ ಅದೇ ಜೀಪು ಮಾಡಲು ಕೊಟ್ಟರು, 1945ರ ಹೊತ್ತಿಗೆ ಇಬ್ಬರೂ ಸೇರಿ ಆರು ಲಕ್ಷಕ್ಕೂ ಜಾಸ್ತಿ ಮಾಡಿದ್ದರು. ಯಾವುದು ಯಾರದ್ದು ಅಂತ ಗೊತ್ತಾಗಬೇಕಾದರೆ ಗ್ರಿಲ್ಲಿನ ಮುಂದೆ ಬಗ್ಗಿ ರೇಡಿಯೇಟರಿನ ಕೆಳಗೆ ನೋಡಿ. ಚಾಸಿಯ ಎರಡು ಪಟ್ಟಿಗಳನ್ನು ಸೇರಿಸುವ ಅಡ್ಡಪಟ್ಟಿ ಗುಂಡಗೆ ಪೈಪಿನ ಹಾಗಿದ್ದರೆ ವಿಲ್ಲೀಸ್, ಚೌಕವಾಗಿದ್ದರೆ ಫೋರ್ಡ್. ಇನ್ನೊಂದು ಗುರುತು ನನಗೆ ತುಂಬ ಇಷ್ಟ. ಫೋರ್ಡ್‌ನವರು ಬೋಲ್ಟಿನ ತಲೆಯ ಮೇಲೂ ಇಂಗ್ಲಿಷಿನ ಎಫ್ ಅಕ್ಷರ ಒತ್ತುತ್ತಿದ್ದರು. ಗ್ರೀಸು, ಮಣ್ಣು ಎಲ್ಲ ಡೀಸೆಲ್ ಹಾಕಿ ಉಜ್ಜಿದ ಮೇಲೆ ಒಂದೊಂದೇ ಎಫ್ ಕಾಣಿಸಿಕೊಳ್ಳುತ್ತದೆ. ಹಾಗಾಗಿ ನಮ್ಮ ಶೆಡ್ಡಿನಲ್ಲಿ ಯಾವ ಬೋಲ್ಟನ್ನೂ ಸುಮ್ನೆ ಬಿಸಾಕುವಂತಿಲ್ಲ, ಎಷ್ಟು ತುಕ್ಕು ಹಿಡಿದಿದ್ದರೂ ಡಬ್ಬಕ್ಕೆ ಹೋಗಬೇಕು.

ತೋಟದಲ್ಲಿ ಈ ಜೀಪಿಗೆ ಆದ ಬದಲಾವಣೆಗಳು ಕಮ್ಮಿಯೇನಲ್ಲ. ಯುದ್ಧದ ಜೀಪೆಲ್ಲ ಎಡಗಡೆ ಸ್ಟೀರಿಂಗು, ಇದನ್ನು ಬಲಕ್ಕೆ ತಂದಿದ್ದರು. ಪೆಟ್ರೋಲ್ ಇಂಜಿನ್ ತೆಗೆದು ಡೀಸೆಲ್ ಕೂರಿಸಿದ್ದರು, ಅದಕ್ಕಾಗಿ ಇಂಜಿನ್ ಮೌಂಟಿಂಗ್‌ಗಳನ್ನು ಗ್ಯಾಸ್ ಕಟಿಂಗ್ ಮಾಡಿದ್ದರು. ಹಿಂದಿನ ತಗಡನ್ನು ಕೊಯ್ದು ಮೂಟೆ ಹಾಕಲು ಬಾಗಿಲು ಮಾಡಿದ್ದರು, ಟ್ಯಾಂಕನ್ನು ಹಿಂದಕ್ಕೆ ಸರಿಸಿದ್ದರು. ಮಾಡಿದವರ ಮೇಲೆ ನನಗೆ ಒಂಚೂರೂ ಸಿಟ್ಟಿಲ್ಲ. ಮಳೆಗಾಲದಲ್ಲಿ ಏರುದಾರಿಯಲ್ಲಿ ಮೂಟೆ ಎಳೆಯಬೇಕಿತ್ತು, ಪೆಟ್ರೋಲ್ ದುಬಾರಿ, ಸ್ಪೇರ್ ಸಿಗುತ್ತಿರಲಿಲ್ಲ. ಹಾಗೆ ಮಾಡಿದ್ದಕ್ಕೇ ಅದು ಉಳಿಯಿತು. ಹಾಗೇ ಬಿಟ್ಟಿದ್ದರೆ ಯಾವತ್ತೋ ತೂಕಕ್ಕೆ ಹೋಗಿರುತ್ತಿತ್ತು.

ಕೊಯ್ದ ಕಡೆಯೆಲ್ಲ ಮೊದಲು ಏನಿತ್ತು ಅನ್ನುವುದರ ಗುರುತು ಉಳಿದಿರುತ್ತದೆ, ಅದನ್ನು ಹುಡುಕುವ ತಾಳ್ಮೆ ಇರಬೇಕು. ಒಂದು ದಿನ ನಮ್ಮ ಟಿಂಕರಿಂಗ್ ಮೇಸ್ತ್ರಿ ಕರೆದರು. "ಸಾರ್, ಎಡಗಡೆ ಸೀಟಿನ ಕೆಳಗೆ ಇಷ್ಟಗಲ ಹಳ್ಳ ಇದೆ, ಮೇಲೆ ತಗಡು ಮುಚ್ಚಿದ್ದಾರೆ. ಯಾಕೆ ಅಂತ ಗೊತ್ತಾಗ್ತಿಲ್ಲ. ಲೆವೆಲ್ ಮಾಡ್ಬಿಡ್ಲಾ?" ಬೇಡ ಮೇಸ್ತ್ರಿ, ಮುಟ್ಟಲೇಬೇಡಿ ಅಂದೆ. ಅದು ಪೆಟ್ರೋಲ್ ಟ್ಯಾಂಕ್ ಕೂರುವ ಜಾಗ. ಈ ಜೀಪಿನಲ್ಲಿ ಟ್ಯಾಂಕು ಡ್ರೈವರ್ ಸೀಟಿನ ಅಡಿಯಲ್ಲೇ ಇರುತ್ತಿತ್ತು, ನೆಲದ ತಗಡನ್ನೇ ತೊಟ್ಟಿಯ ಹಾಗೆ ತಗ್ಗಿಸಿ ಮಾಡಿದ್ದರು. ಮೇಸ್ತ್ರಿ ಕೂತುಕೊಂಡು ಅದರ ಅಂಚಿನ ಮೇಲೆ ಬೆರಳಾಡಿಸಿ, "ಹಾಗಾದ್ರೆ ಡ್ರೈವರ್ ಇಲ್ಲೇ ಕೂರ್ತಿದ್ದ" ಅಂದರು. ಎಡಗಡೆ ಸ್ಟೀರಿಂಗಿಗೆ ಇದಕ್ಕಿಂತ ಸಾಕ್ಷಿ ಬೇಕಾ? ಹೊಸ ಬಾಡಿ ತರಿಸಿದ್ದರೆ ಈ ತಗಡು ಆವತ್ತೇ ಗುಜರಿಗೆ ಹೋಗಿರುತ್ತಿತ್ತು.

ತುಕ್ಕು ಎಲ್ಲಿಂದ ಶುರುವಾಗುತ್ತದೆ ಅನ್ನುವುದೂ ಹಳೇ ಬಾಡಿ ಬಿಚ್ಚಿದರೇ ತಿಳಿಯುವುದು. ನೆಲದ ತಗಡಿನ ಕೆಳಗೆ ಗಟ್ಟಿಯಾಗಿರಲಿ ಅಂತ ಉಕ್ಕಿನ ಚಾನೆಲ್‌ಗಳಿವೆ, ಅವುಗಳ ಒಳಗೆ ಕಾರ್ಖಾನೆಯಲ್ಲೇ ಮರದ ತುಂಡು ತುಂಬಿದ್ದರು. ಮರ ನೀರು ಹೀರಿ ಒಳಗೇ ಕೊಳೆಯಿತು, ಅದರ ಸುತ್ತ ಉಕ್ಕು ತಿಂದುಹೋಯಿತು. ಮೇಲಿಂದ ಎಷ್ಟು ಪ್ಯಾಚ್ ಹಾಕಿದರೂ ಮತ್ತೆ ಅಲ್ಲೇ ತೂತು ಬೀಳುತ್ತಿದ್ದದ್ದು ಇದಕ್ಕೇ. ನಮ್ಮದರಲ್ಲಿ ಮರ ನಶ್ಯದ ಹಾಗೆ ಪುಡಿಪುಡಿ. ಆ ಚಾನೆಲ್‌ಗಳನ್ನು ಮಾತ್ರ ಹೊಸದಾಗಿ ಮಾಡಿಸಿ, ಒಳಗೂ ಪ್ರೈಮರ್ ಹೊಡೆಸಿ, ಒಣಗಿಸಿದ ಗಟ್ಟಿ ಮರವನ್ನು ಎಣ್ಣೆ ಕುಡಿಸಿ ಹಾಕಿದ್ದೇವೆ. ಮರ ಬೇಡ ಅಂದವರಿದ್ದರು. ಮೊದಲಿತ್ತು, ಆದ್ದರಿಂದ ಇರಬೇಕು.

ಹೊಸ ತಗಡು ಹಾಕಿದ ಕಡೆಯೆಲ್ಲ ಒಳಮೈಯಲ್ಲಿ ಈಗಿನ ವರ್ಷ ಪಂಚ್ ಮಾಡಿಸುತ್ತಿದ್ದೇನೆ. ನಾಳೆ ಇನ್ಯಾರೋ ಬಿಚ್ಚಿ ನೋಡಿದಾಗ ಯಾವುದು 1943ರದ್ದು, ಯಾವುದು ನಮ್ಮದು ಅಂತ ಗೊಂದಲ ಆಗಬಾರದು.

ಬಣ್ಣದ ಕೆಲಸಕ್ಕೆ ಮಾತ್ರ ಯಾರನ್ನೂ ಬಿಡಲಿಲ್ಲ. ಬಾನೆಟ್ಟಿನ ಪಕ್ಕವನ್ನು ನೀರು ಹಾಕಿಕೊಂಡು ವಾಟರ್ ಪೇಪರಿನಲ್ಲಿ ನಾನೇ ಉಜ್ಜಿದೆ. ಮೇಲೆ ಕಪ್ಪು, ಅದರ ಕೆಳಗೆ ಬಿಸ್ಕತ್ ಬಣ್ಣ, ಅದರ ಕೆಳಗೆ ಹೊಳಪೇ ಇಲ್ಲದ ಮಂಕು ಹಸಿರು, ಹಸಿರಿನ ಮೇಲೆ ಬಿಳಿಯಲ್ಲಿ 2 ಮತ್ತು 0. ಅಮೆರಿಕದ ಸೇನೆಯಲ್ಲಿ ಜೀಪಿನ ನಂಬರು 20ರಿಂದಲೇ ಶುರುವಾಗುತ್ತಿತ್ತು. ಮುಂದಿನ ಅಂಕಿಗಳು ಅಳಿಸಿಹೋಗಿವೆ, ಆದರೂ ಆ ಎರಡು ಅಂಕಿ ಕಂಡಾಗ ನನಗಾದ ಖುಷಿ ಅಷ್ಟಿಷ್ಟಲ್ಲ. 1943ರಲ್ಲಿ ಇದೇ ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಅಮೆರಿಕದ ಸೇನೆಯ ವಿಮಾನದಳ ವಹಿಸಿಕೊಂಡು ತನ್ನ ವಿಮಾನಗಳ ರಿಪೇರಿ ಮಾಡಿಸುತ್ತಿತ್ತು, ಗೊತ್ತಲ್ವಾ? ಬಾನೆಟ್ಟಿನ ಆ ಭಾಗಕ್ಕೆ ಹೊಸ ಬಣ್ಣ ಮುಟ್ಟಿಸುವುದಿಲ್ಲ. ಸುತ್ತ ಮಾತ್ರ ಅದೇ ಮಂಕು ಹಸಿರನ್ನು ಹೊಂದಿಸಿ ಹೊಡೆಸುತ್ತೇನೆ.

ಇಂಜಿನ್ ವಿಷಯ ಬೇಗ ಹೇಳಿಬಿಡುತ್ತೇನೆ. ಮೊದಲಿದ್ದದ್ದು 2.2 ಲೀಟರಿನ, 60 ಅಶ್ವಶಕ್ತಿಯ ಸೈಡ್ ವಾಲ್ವ್ ಪೆಟ್ರೋಲ್ ಇಂಜಿನ್. ಯುದ್ಧದ ನಂತರದ ವಿಲ್ಲೀಸ್ ಜೀಪುಗಳಲ್ಲೂ ಅದೇ ಜಾತಿಯದು ಬಂತು, ಹಾಗಾಗಿ ಹುಡುಕಿದರೆ ಸಿಗುತ್ತದೆ. ವಾಲ್ವ್‌ಗಳು ಹೊತ್ತಿಗೆ ಸರಿಯಾಗಿ ತೆರೆಯಲು ಯುದ್ಧದ ಕಾಲದ್ದರಲ್ಲಿ ಟೈಮಿಂಗ್ ಚೈನ್ ಇರುತ್ತದೆ, ನಂತರದ ಹೆಚ್ಚಿನವುಗಳಲ್ಲಿ ಅದರ ಬದಲು ಗೇರ್. ಕೊಳ್ಳುವ ಮೊದಲು ಮುಂದಿನ ಕವರ್ ಬಿಚ್ಚಿಸಿ ನೋಡಿ. ಕರೆಂಟು 6 ವೋಲ್ಟ್. 12ಕ್ಕೆ ಬದಲಾಯಿಸಿ ಅಂತ ಎಲ್ಲರೂ ಹೇಳುತ್ತಾರೆ, ನಾನು 6ರಲ್ಲೇ ಇಡುತ್ತೇನೆ. ಸ್ಟಾರ್ಟರಿಗೆ ದಪ್ಪ ಕೇಬಲ್, ಒಳ್ಳೇ ಅರ್ಥಿಂಗ್ ಕೊಟ್ಟರೆ ಚೆನ್ನಾಗಿಯೇ ತಿರುಗುತ್ತದೆ.

ಕಾನೂನಿನ ಕಡೆಯಿಂದಲೂ ಈಗ ಮೂಲ ರೂಪಕ್ಕೆ ಬೆಲೆ ಇದೆ. 2021ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ ತಂದಿತು. ಮೊದಲ ನೋಂದಣಿ ಆಗಿ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಇಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಇರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ದಿನನಿತ್ಯ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥದ್ದಕ್ಕೆ ಮಾತ್ರ. ಎಡಗಡೆ ಸ್ಟೀರಿಂಗು ನಮ್ಮಲ್ಲಿ ನಡೆಯೋದೇ ಇಲ್ಲ ಅಂತ ತುಂಬ ಜನ ತಿಳಿದಿದ್ದಾರೆ. ಹಾಗಿಲ್ಲ. ಮೋಟಾರು ವಾಹನ ಕಾಯ್ದೆಯ 120ನೇ ಸೆಕ್ಷನ್ ಪ್ರಕಾರ ಸರಿಯಾಗಿ ಕೆಲಸ ಮಾಡುವ ಸಿಗ್ನಲ್ ಇರಬೇಕು, ಅಷ್ಟೇ. ಇಂಜಿನ್ ಮತ್ತು ಇಂಧನ ಬದಲಾದದ್ದನ್ನು ಆರ್‌ಸಿಯಲ್ಲಿ ಸೇರಿಸುವುದನ್ನು ಮರೆಯಬೇಡಿ.

ಈಗ ಕೈಯಲ್ಲಿರುವುದು ಡ್ಯಾಶ್‌ಬೋರ್ಡ್. ಸ್ಟೀರಿಂಗನ್ನು ಬಲಕ್ಕೆ ತರುವಾಗ ಅಲ್ಲಿದ್ದ ಗ್ಲೋವ್ ಬಾಕ್ಸ್ ಹೋಯಿತು, ಅದರ ಮುಚ್ಚಳದ ಮೇಲಿದ್ದ ಮೂರು ಲೋಹದ ಫಲಕಗಳೂ ಹೋದವು. ಜೆಸಿ ರಸ್ತೆಯ ಅಂಗಡಿಗಳಲ್ಲಿ, ಶಿವಾಜಿನಗರದ ಗುಜರಿಯಲ್ಲಿ ಹೇಳಿಟ್ಟಿದ್ದೇನೆ. ನಕಲು ಫಲಕ ಸಿಗುತ್ತವೆ, ಅದು ಕೊನೆಯ ದಾರಿ. ಹಾಸನ, ಚಿಕ್ಕಮಗಳೂರು, ಕೊಡಗಿನ ಕಡೆ ಯಾರ ತೋಟದ ಶೆಡ್ಡಿನಲ್ಲಾದರೂ ಜೀಪಿನ ಗ್ಲೋವ್ ಬಾಕ್ಸಿನ ಮುಚ್ಚಳ ಬಿದ್ದಿದ್ದರೆ, ಮುರಿದಿದ್ದರೂ ಪರವಾಗಿಲ್ಲ, ದಯವಿಟ್ಟು ತಿಳಿಸಿ. ಬಂದು ತೆಗೆದುಕೊಂಡು ಹೋಗುತ್ತೇನೆ.